16 ತುಂಬದ ಮಕ್ಕಳಿಗೆ ಸೋಶಿಯಲ್ ಮೀಡಿಯಾ ಬಂದ್ ಮಾಡಬೇಕಾ? ದಾವಣಗೆರೆ ಕಡೆಯವರು ಹೇಳಿ

ಕೆಟಿಜೆ ನಗರದ ಟೈಲರ್ ಅಕ್ಕ

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಜಾಕೆಟ್, ಚೂಡಿದಾರ್ ಹೊಲಿಯುತ್ತೇನೆ. ಮಗಳು ಒಂಬತ್ತನೇ ಕ್ಲಾಸ್. ಹದಿನೈದು ದಿನದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವಳ ಹೆಸರಲ್ಲಿ ಯಾರೋ ಇನ್‌ಸ್ಟಾಗ್ರಾಂನಲ್ಲಿ ಸುಳ್ಳು ಖಾತೆ ತೆರೆದಿದ್ದರು. ಅವಳದೇ ಫೋಟೋ, ಸೀರೆ ಉಟ್ಟಿದ್ದು. ಅದರಿಂದ ಅವಳ ಕ್ಲಾಸಿನ ಹುಡುಗರಿಗೆ ಕೆಟ್ಟ ಕೆಟ್ಟ ಮೆಸೇಜ್ ಹೋಗಿದೆ. ಮಗಳು ನನಗೆ ಹೇಳಲಿಲ್ಲ. ಹೊಟ್ಟೆನೋವು ಅಂತ ಮೂರು ದಿನ ಸ್ಕೂಲಿಗೆ ಹೋಗಲಿಲ್ಲ. ನಾಲ್ಕನೇ ದಿನ ಅವಳ ಗೆಳತಿಯ ಅಮ್ಮ ಬಟ್ಟೆ ಕೊಡೋಕೆ ಬಂದಾಗ ಮೆತ್ತಗೆ ಹೇಳಿದರು. ನನ್ನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ಸ್ಕೂಲಿನಲ್ಲಿ ಕೇಳೋಕೆ ಹೋದರೆ, "ನಿಮ್ಮ ಮಗಳು ಫೋಟೋ ಯಾಕೆ ಹಾಕಬೇಕಿತ್ತು?" ಅಂದರು.

ಪೊಲೀಸರಿಗೆ ದೂರು ಕೊಟ್ಟೆವು, ಆ ಖಾತೆ ಹೋಯಿತು. ಆದರೆ ಮನೆಯಲ್ಲಿ ಜಗಳ ಹೋಗಿಲ್ಲ. ಮೊನ್ನೆ ರಾತ್ರಿ ಒಂದೂ ಮುಕ್ಕಾಲಿಗೆ ನೀರು ಕುಡಿಯೋಕೆ ಎದ್ದೆ. ಮಗಳ ಕಂಬಳಿ ಒಳಗೆ ಬೆಳಕು ಕಾಣಿಸಿತು. ವಿಜ್ಞಾನದ ಪುಸ್ತಕ ಬಿಡಿಸಿಟ್ಟು ಅದರ ನಡುವೆ ಫೋನ್. ಇಷ್ಟೆಲ್ಲಾ ಆದಮೇಲೂ ರೀಲ್ಸ್ ನೋಡುತ್ತಿದ್ದಳು. ಕಿತ್ತುಕೊಂಡೆ. "ಬೆಳಗ್ಗೆ ಹೋಂವರ್ಕ್ ಅದರಲ್ಲೇ ಬರುತ್ತಮ್ಮ" ಅಂತ ಅತ್ತಳು. ಅದೂ ನಿಜವೇ. ಸ್ಕೂಲಿನ ವಾಟ್ಸಾಪ್ ಗ್ರೂಪಿನಲ್ಲೇ ಎಲ್ಲಾ ಬರುತ್ತೆ.

ಆಸ್ಟ್ರೇಲಿಯಾದಲ್ಲಿ 16 ವರ್ಷದ ಒಳಗಿನವರಿಗೆ ಬಂದ್ ಮಾಡಿದ್ದಾರಂತೆ. ನಮ್ಮಲ್ಲೂ ಮಾಡಲಿ ಅಂತ ನನ್ನ ಮನಸ್ಸು. ಕಾನೂನು ಅಂತ ಒಂದಿದ್ದರೆ "ಇಲ್ಲ" ಅನ್ನೋಕೆ ನನಗೊಂದು ಆಸರೆ ಸಿಗುತ್ತೆ. ಈಗ ನಾನು ಬೇಡ ಅಂದರೆ, "ಕ್ಲಾಸಲ್ಲಿ ಎಲ್ಲರ ಹತ್ರ ಇದೆ, ನಿನ್ನೊಬ್ಬಳದೇ ಇದು" ಅನ್ನುತ್ತಾಳೆ. ನೀವೇನಂತೀರಿ?

ಹರಿಹರದ ಹೈಸ್ಕೂಲ್ ಮೇಷ್ಟ್ರು

ಅಕ್ಕಾ, ನಿಮ್ಮ ನೋವು ಅರ್ಥವಾಗುತ್ತೆ. ಬಂದ್ ಆಗಲೇಬೇಕು ಅನ್ನುವವನು ನಾನು.

ಆಸ್ಟ್ರೇಲಿಯಾದ ಕಾನೂನು 2024ರಲ್ಲಿ ಪಾಸಾಯಿತು, 2025ರ ಡಿಸೆಂಬರ್ 10ರಿಂದ ಜಾರಿಗೆ ಬಂತು. ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಸ್ನ್ಯಾಪ್‌ಚಾಟ್, ಟಿಕ್‌ಟಾಕ್, ಯೂಟ್ಯೂಬ್, ಎಕ್ಸ್ (ಮೊದಲಿನ ಟ್ವಿಟರ್) ಎಲ್ಲಾ ಅದರಲ್ಲಿ ಬರುತ್ತವೆ. 16 ತುಂಬದವರು ಖಾತೆ ಇಟ್ಟುಕೊಳ್ಳುವಂತಿಲ್ಲ. ನನಗೆ ಹಿಡಿಸಿದ್ದು ಏನಂದರೆ, ಅದರಲ್ಲಿ ಮಕ್ಕಳಿಗೂ ದಂಡವಿಲ್ಲ, ಅಪ್ಪ-ಅಮ್ಮನಿಗೂ ಇಲ್ಲ. ದಂಡ ಕಂಪನಿಗೆ ಮಾತ್ರ, 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ವಾಟ್ಸಾಪ್‌ಗೆ ಇದು ಅನ್ವಯಿಸಲ್ಲ.

ನಮ್ಮ ಕರ್ನಾಟಕ ಹೈಕೋರ್ಟಿನಲ್ಲೂ 2023ರ ಸೆಪ್ಟೆಂಬರ್‌ನಲ್ಲಿ ಎಕ್ಸ್ ಕಂಪನಿಯ ಕೇಸ್ ನಡೆಯುವಾಗ ಈ ಮಾತು ಬಂದಿತ್ತು. ಶಾಲೆಗೆ ಹೋಗುವ ಮಕ್ಕಳಿಗೆ ಸೋಶಿಯಲ್ ಮೀಡಿಯಾ ನಿಷೇಧಿಸಿದರೆ ಒಳ್ಳೆಯದು, ವೋಟು ಹಾಕುವ ಹಾಗೆ ಇದಕ್ಕೂ ಒಂದು ವಯಸ್ಸು ಇರಲಿ ಅಂತ ನ್ಯಾಯಮೂರ್ತಿಗಳು ಹೇಳಿದ್ದರು. ಅದು ಆದೇಶವಲ್ಲ, ಮಾತು ಅಷ್ಟೆ. 2025ರಲ್ಲಿ ಇದನ್ನೇ ಕೇಳಿಕೊಂಡು ಕೆಲವರು ಸುಪ್ರೀಂ ಕೋರ್ಟಿಗೂ ಹೋಗಿದ್ದರು. ಇದು ಸರ್ಕಾರ ತೀರ್ಮಾನ ಮಾಡಬೇಕಾದ ವಿಷಯ ಅಂತ ಕೋರ್ಟ್ ಹೇಳಿ ಕಳಿಸಿತು.

ನಾನು ಇಪ್ಪತ್ತು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಮೊದಲು ಒಂದು ಪದ್ಯ ಓದಿ ಮುಗಿಸುವವರೆಗೆ ಮಕ್ಕಳ ಕಣ್ಣು ನನ್ನ ಮೇಲೆ ಇರುತ್ತಿತ್ತು. ಈಗ ನಾಲ್ಕನೇ ಸಾಲಿಗೆ ಕಿಟಕಿ ಕಡೆ ತಿರುಗುತ್ತಾರೆ. ಮೊದಲ ಪೀರಿಯಡ್‌ನಲ್ಲೇ ಕಣ್ಣು ಎಳೆಯುತ್ತಿರುತ್ತೆ. ಅವರು ಕೆಟ್ಟ ಮಕ್ಕಳಲ್ಲ, ನಿದ್ದೆಗೆಟ್ಟ ಮಕ್ಕಳು.

ಪಿಬಿ ರೋಡ್ ಮೊಬೈಲ್ ಅಂಗಡಿ

ಮೇಷ್ಟ್ರೇ, ಕಾನೂನು ಬರಲಿ, ಬೇಡ ಅನ್ನಲ್ಲ. ಆದರೆ ನನ್ನ ಅಂಗಡಿಯಲ್ಲಿ ನಡೆಯೋದನ್ನ ಹೇಳುತ್ತೇನೆ ಕೇಳಿ.

18 ತುಂಬದವರ ಹೆಸರಿಗೆ ಸಿಮ್ ಕೊಡುವ ಹಾಗಿಲ್ಲ. ಹಾಗಾಗಿ ಸ್ಕೂಲ್ ಮಕ್ಕಳ ಕೈಯಲ್ಲಿರುವ ನಂಬರ್ ಎಲ್ಲಾ ಅಪ್ಪಂದೋ ಅಮ್ಮಂದೋ. ಹಬ್ಬಕ್ಕೆ ಮಗನಿಗೆ ಫೋನ್ ಕೊಡಿಸೋಕೆ ಅಪ್ಪ ಬರುತ್ತಾರೆ. ಕೌಂಟರ್ ಮೇಲೇ ಹುಡುಗ ಇನ್‌ಸ್ಟಾ ಹಾಕಿಕೊಳ್ಳುತ್ತಾನೆ. ಹುಟ್ಟಿದ ವರ್ಷ ಕೇಳುತ್ತೆ. ಹುಡುಗ ಬೆರಳಲ್ಲಿ ವರ್ಷಗಳನ್ನ ಹಿಂದಕ್ಕೆ ತಳ್ಳುತ್ತಾ ಹೋಗುತ್ತಾನೆ, 2000ಕ್ಕೆ ನಿಲ್ಲಿಸುತ್ತಾನೆ. ಅಪ್ಪ ಪಕ್ಕದಲ್ಲೇ ನಿಂತು ನೋಡುತ್ತಿರುತ್ತಾರೆ. ಯಾರೂ ಏನೂ ಅನ್ನಲ್ಲ. 13 ವರ್ಷ ಆಗಿರಬೇಕು ಅನ್ನೋ ನಿಯಮ ಈಗಲೂ ಇದೆಯಲ್ಲಾ, ಅದರ ಗತಿ ಇದು.

2020ರ ಜೂನ್ ಕೊನೆಗೆ ಟಿಕ್‌ಟಾಕ್ ಬಂದ್ ಆಯಿತು. ಹುಡುಗರು ಅಂಗಡಿಗೆ ಬಂದು ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದರು. ಜುಲೈನಲ್ಲೇ ರೀಲ್ಸ್ ಬಂತು, ಸೆಪ್ಟೆಂಬರ್‌ಗೆ ಯೂಟ್ಯೂಬ್ ಶಾರ್ಟ್ಸ್ ಬಂತು. ಅಂಗಡಿ ಮುಚ್ಚಿತು, ಸಾಮಾನು ಪಕ್ಕದ ಅಂಗಡಿಯಲ್ಲಿ ಸಿಕ್ಕಿತು. ನಾವು ಚಾಪೆ ಕೆಳಗೆ ತೂರಿದರೆ ಮಕ್ಕಳು ರಂಗೋಲಿ ಕೆಳಗೆ ತೂರುತ್ತಾರೆ.

ಗೂಗಲ್‌ನ ಫ್ಯಾಮಿಲಿ ಲಿಂಕ್ ಅಂತ ಒಂದು ಆ್ಯಪ್ ಇದೆ. ದುಡ್ಡಿಲ್ಲ. ರಾತ್ರಿ ಇಷ್ಟು ಹೊತ್ತಿಗೆ ಫೋನ್ ಲಾಕ್ ಆಗಬೇಕು ಅಂತ ಇಡಬಹುದು. ಕೇಳಿದವರಿಗೆ ನಾನೇ ಹಾಕಿಕೊಡುತ್ತೇನೆ. ಕೇಳುವವರು ಬಹಳ ಕಮ್ಮಿ.

ಸೆಕೆಂಡ್ ಪಿಯು, ವಿದ್ಯಾನಗರ

ಇಲ್ಲಿ ಎಲ್ಲಾ ದೊಡ್ಡವರೇ ಮಾತಾಡುತ್ತಿದ್ದೀರಿ. ನನಗೆ 17. ನಾನೂ ಹೇಳಬಹುದಾ?

ನೆಗಡಿ ಆಯ್ತು ಅಂತ ಮೂಗು ಕೊಯ್ಯೋಕಾಗುತ್ತಾ? ನನ್ನ ಅಪ್ಪ ಆಟೋ ಓಡಿಸುತ್ತಾರೆ. ಸಿಇಟಿ ಕೋಚಿಂಗ್‌ಗೆ ಕಟ್ಟೋಕೆ ದುಡ್ಡಿಲ್ಲ. ಹತ್ತನೇ ಕ್ಲಾಸಿಂದಲೂ ಫಿಸಿಕ್ಸ್ ನನಗೆ ತಲೆಗೆ ಹೋಗಿದ್ದು ಯೂಟ್ಯೂಬ್‌ನಿಂದ. ಆಗ ನನಗೆ 15. ಖಾತೆ ಇಲ್ಲದಿದ್ದರೂ ವಿಡಿಯೋ ನೋಡಬಹುದು ಅಂತ ನೀವು ಅನ್ನಬಹುದು. ನೋಡಬಹುದು. ಆದರೆ ಎಲ್ಲಿಗೆ ನಿಲ್ಲಿಸಿದ್ದೆ, ಯಾವ ಪಾಠ ಉಳಿಸಿಕೊಂಡಿದ್ದೆ ಅನ್ನೋದು ಉಳಿಯಲ್ಲ. ಡೌಟ್ ಕೇಳೋಕೂ ಆಗಲ್ಲ.

ಇನ್ನೊಂದು ಮಾತು, ಇದೇ ಮುಖ್ಯ. ನನ್ನ ಗೆಳತಿಗೂ ಒಮ್ಮೆ ಗೊತ್ತಿಲ್ಲದವನಿಂದ ಮೆಸೇಜ್ ಬರುತ್ತಿತ್ತು. ಅವಳು ಮನೆಯಲ್ಲಿ ಹೇಳಲಿಲ್ಲ. ಯಾಕೆಂದರೆ ಅವಳ ಮನೆಯಲ್ಲಿ ಇನ್‌ಸ್ಟಾ ಇರೋದೇ ಗೊತ್ತಿರಲಿಲ್ಲ. ಅವನು ಹೆದರಿಸುತ್ತಿದ್ದಿದ್ದೂ ಅದನ್ನೇ ಹಿಡಿದು: "ನಿಮ್ಮಪ್ಪಂಗೆ ಹೇಳ್ತೀನಿ." ಕದ್ದು ಇಟ್ಟುಕೊಂಡ ಖಾತೆಯೇ ಅವನ ಕೈಗೆ ಕೋಲು ಕೊಟ್ಟಿತು. ಖಾತೆ ಬೇಡ ಅಂತ ಕಾನೂನೇ ಹೇಳಿಬಿಟ್ಟರೆ ಎಷ್ಟು ಹುಡುಗಿಯರು ಹೀಗೆ ಬಾಯಿ ಮುಚ್ಚಿಕೊಳ್ಳುತ್ತಾರೆ ಅಂತ ಯೋಚನೆ ಮಾಡಿ.

ಟೈಲರ್ ಅಕ್ಕಾ, ತಪ್ಪು ತಿಳಿಯಬೇಡಿ. ನಿಮ್ಮ ಮಗಳು ಮೂರು ದಿನ ಹೊಟ್ಟೆನೋವು ಅಂದಳಲ್ಲಾ, ನಿಮಗೆ ಹೇಳೋಕೆ ಯಾಕೆ ಹೆದರಿದಳು ಅಂತ ಕೇಳಿದಿರಾ? ಮತ್ತೆ ಆ ಫೋಟೋ ಅವಳೇ ಹಾಕಿದ್ದಾ? ಅವಳ ಖಾತೆ ಪ್ರೈವೇಟ್ ಇತ್ತಾ?

ಕೆಟಿಜೆ ನಗರದ ಟೈಲರ್ ಅಕ್ಕ

ತಂಗೀ, ತಪ್ಪು ತಿಳಿಯಲ್ಲ. ಕೇಳಿಲ್ಲ ನಾನು. ಬೈದೆ. ಫೋಟೋ ಎಲ್ಲಿಂದ ಹೋಯಿತು ಅನ್ನೋದನ್ನೂ ಸರಿಯಾಗಿ ನೋಡಿಲ್ಲ. ಅವಳೇ ಹಾಕಿರಬೇಕು ಅಂದುಕೊಂಡೆ. ಕೇಳಿ ಹೇಳುತ್ತೇನೆ.

ಜಗಳೂರು ಕಡೆಯ ರೈತ

ನಮ್ಮ ಕಡೆ ಪರಿಸ್ಥಿತಿ ಬೇರೆ ಇದೆ. ನಮ್ಮ ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್. ಮೆಕ್ಕೆಜೋಳದ ರೇಟು, ಮಳೆ, ಬ್ಯಾಂಕಿನ ಮೆಸೇಜ್ ಎಲ್ಲಾ ಅದರಲ್ಲೇ. ಸಂಜೆ ನಾನು ಹೊಲದಿಂದ ಬಂದರೆ ಎಂಟನೇ ಕ್ಲಾಸಿನ ಮಗ ಇಸ್ಕೊಳ್ಳುತ್ತಾನೆ. ಖಾತೆ ನನ್ನದು. ನನಗೆ 44 ವರ್ಷ. ಆ ಕಂಪನಿ ಲೆಕ್ಕದಲ್ಲಿ ಫೋನ್ ನೋಡುತ್ತಿರುವವನು 44 ವರ್ಷದ ಗಂಡಸು. ಏನು ತೋರಿಸುತ್ತೆ ಅಂತ ನಿಮಗೂ ಗೊತ್ತು. ಇಸ್ಪೀಟು ಆ್ಯಪ್, ಸಾಲದ ಆ್ಯಪ್, ಇನ್ನೂ ಏನೇನೋ. ಎಲ್ಲಾ ಮಗನ ಕಣ್ಣಿಗೆ.

16 ತುಂಬದವರ ಖಾತೆ ತೆಗೆಯಿರಿ ಅಂತ ಕಾನೂನು ಬಂದರೆ ನನ್ನ ಮಗನ ಯಾವ ಖಾತೆ ತೆಗೆಯುತ್ತಾರೆ? ಅವನದು ಇಲ್ಲವೇ ಇಲ್ಲ. ಆಸ್ಟ್ರೇಲಿಯಾದಲ್ಲಿ ಮಗುವಿಗೊಂದು ಫೋನ್ ಇರಬಹುದು. ನಮ್ಮಲ್ಲಿ ಮನೆಗೊಂದು ಫೋನ್. ಆ ಕಾನೂನಿಗೆ ನನ್ನ ಮಗ ಕಾಣಿಸುವುದೇ ಇಲ್ಲ.

ಹರಿಹರದ ಹೈಸ್ಕೂಲ್ ಮೇಷ್ಟ್ರು

ರೈತಣ್ಣ ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಜ. ನಮ್ಮ ಶಾಲೆಯ ಅರ್ಧ ಮಕ್ಕಳ ಕಥೆ ಇದೇ.

ನಮ್ಮ ದೇಶದ್ದೇ ಒಂದು ಕಾನೂನು ಇದೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. 18 ತುಂಬದವರ ಮಾಹಿತಿ ಬಳಸಬೇಕಾದರೆ ಅಪ್ಪ-ಅಮ್ಮನ ಒಪ್ಪಿಗೆ ಬೇಕು. ಮಕ್ಕಳ ಹಿಂದೆ ಬಿದ್ದು ಏನು ನೋಡುತ್ತಾರೆ ಅಂತ ಗಮನಿಸುವುದು, ಅವರಿಗೆ ಅಂತಲೇ ಜಾಹೀರಾತು ತೋರಿಸುವುದು, ಇವನ್ನು ಕಂಪನಿಗಳು ಮಾಡುವಂತಿಲ್ಲ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ತಯಾರಾಗೋಕೆ ಕಂಪನಿಗಳಿಗೆ ಹದಿನೆಂಟು ತಿಂಗಳು ಕೊಟ್ಟಿದ್ದಾರೆ. ಅಲ್ಲಿಯವರೆಗೆ ನಮ್ಮ ಮಕ್ಕಳು ಒಂದು ಕ್ಲಾಸ್ ದಾಟಿರುತ್ತಾರೆ.

ಜಗಳೂರು ಕಡೆಯ ರೈತ

ಒಪ್ಪಿಗೆ ಕೇಳಿದರೆ ನಾನು ಓದಿ ಒತ್ತುತ್ತೀನಾ ಮೇಷ್ಟ್ರೇ? ಎಲ್ಲಾ ಕಡೆ ಸರಿ, ಸರಿ ಅಂತ ಒತ್ತಿಕೊಂಡು ಹೋಗೋದೇ ಅಭ್ಯಾಸ ಆಗಿದೆ. ಅದೂ ಇಂಗ್ಲಿಷಲ್ಲಿ ಇರುತ್ತೆ. ಕನ್ನಡದಲ್ಲಿ ಎರಡೇ ಸಾಲಲ್ಲಿ ಬರೆದು ಕೇಳಲಿ, ಆಗ ಒಪ್ಪಿಗೆ ಅನ್ನೋಣ.

ಚಿತ್ರದುರ್ಗದ ಆಪ್ತ ಸಮಾಲೋಚಕಿ

ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನನ್ನ ದಿನದ ಕೆಲಸವೇ ಇದು.

ರೀಲ್ಸ್ ಯಾಕೆ ಮುಗಿಯಲ್ಲ ಗೊತ್ತಾ? ಮುಗಿಯಬಾರದು ಅಂತಲೇ ಮಾಡಿದ್ದಾರೆ. ಪುಸ್ತಕಕ್ಕೆ ಪುಟ ಇದೆ, ಧಾರಾವಾಹಿಗೆ "ಮುಂದುವರಿಯುವುದು" ಇದೆ. ಇದಕ್ಕೆ ತಳವೇ ಇಲ್ಲ. 2006ರಲ್ಲಿ ಈ ತಳವಿಲ್ಲದ ಪುಟವನ್ನು ಮಾಡಿದ ಅಜಾ ರಾಸ್ಕಿನ್ ಅನ್ನುವವರೇ ಆಮೇಲೆ ಅದಕ್ಕೆ ಪಶ್ಚಾತ್ತಾಪ ಪಟ್ಟಿದ್ದಾರೆ. ಮುಂದಿನ ವಿಡಿಯೋ ಚೆನ್ನಾಗಿರುತ್ತೋ ಇಲ್ಲವೋ ಗೊತ್ತಿರಲ್ಲ. ಆ ಗೊತ್ತಿಲ್ಲದ್ದೇ ಬೆರಳನ್ನ ಎಳೆಯುತ್ತೆ. ದೊಡ್ಡವರಿಗೇ ಬಿಡೋಕಾಗಲ್ಲ. ಹದಿನಾಲ್ಕರ ಹುಡುಗಿಗೆ "ನಿನಗೆ ಮನಸ್ಸು ಗಟ್ಟಿ ಇಲ್ಲ" ಅಂದರೆ ಅದು ಅನ್ಯಾಯ.

ಕಂಪನಿಗಳಿಗೆ ಇದು ಗೊತ್ತಿಲ್ಲ ಅಂತಲ್ಲ. 2021ರಲ್ಲಿ ಫೇಸ್‌ಬುಕ್‌ನಲ್ಲೇ ಕೆಲಸ ಮಾಡಿದ್ದ ಫ್ರಾನ್ಸಿಸ್ ಹೌಗೆನ್ ಒಳಗಿನ ಕಾಗದಪತ್ರ ಹೊರಗೆ ತಂದರು. ತಮ್ಮ ದೇಹದ ಬಗ್ಗೆ ಮೊದಲೇ ಕೀಳರಿಮೆ ಇರುವ ಹುಡುಗಿಯರಿಗೆ ಇನ್‌ಸ್ಟಾಗ್ರಾಂ ಅದನ್ನ ಜಾಸ್ತಿ ಮಾಡುತ್ತೆ ಅಂತ ಕಂಪನಿಯ ಒಳಗಿನ ಅಧ್ಯಯನದಲ್ಲೇ ಇತ್ತು. ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಅಲ್ಲಿನ ಸರ್ಕಾರದ ಪರವಾಗಿ ಮಾತಾಡುವ ಮುಖ್ಯ ವೈದ್ಯರು, ಆಗಿದ್ದ ವಿವೇಕ್ ಮೂರ್ತಿ, ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದವರು, 2023ರಲ್ಲಿ ಎಚ್ಚರಿಕೆ ಪತ್ರ ಹೊರಡಿಸಿದರು. ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ಇದರಲ್ಲಿ ಕಳೆಯುವ ಮಕ್ಕಳಲ್ಲಿ ಆತಂಕ, ಖಿನ್ನತೆಯ ಲಕ್ಷಣ ಕಾಣುವ ಅಪಾಯ ಎರಡು ಪಟ್ಟು ಅಂತ ಅದರಲ್ಲಿ ಇತ್ತು. ಸಿಗರೇಟ್ ಪ್ಯಾಕಿನ ಮೇಲೆ ಇರುವ ಹಾಗೆ ಇದರ ಮೇಲೂ ಎಚ್ಚರಿಕೆ ಇರಲಿ ಅಂತ 2024ರಲ್ಲಿ ಕೇಳಿದವರೂ ಅವರೇ.

ಹಾಗಂತ ಬಂದ್ ಒಂದರಿಂದಲೇ ಮುಗಿಯುತ್ತೆ ಅಂತ ನಾನು ನಂಬಲ್ಲ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಬಹಳ ಜನ ಮೊದಲು ಒಂಟಿ, ಆಮೇಲೆ ಫೋನ್. ಫೋನ್ ಕಿತ್ತುಕೊಂಡ ಮೇಲೂ ಒಂಟಿತನ ಹಾಗೇ ಕೂತಿರುತ್ತೆ.

ಟೈಲರ್ ಅಕ್ಕನಿಗೆ ಮತ್ತೆ ಇಂಥ ಕಷ್ಟದಲ್ಲಿ ಇರುವವರಿಗೆ: ಮಕ್ಕಳ ಸಹಾಯವಾಣಿ 1098. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬಿಡೋಕೇ ಆಗದ ಹಂತಕ್ಕೆ ಹೋಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಅಂತ 2014ರಿಂದ ಇದೆ, ತಂತ್ರಜ್ಞಾನದ ಚಟಕ್ಕೆಂದೇ ಇರುವುದು. 18ರ ಒಳಗಿನವರ ಬೆತ್ತಲೆ ಅಥವಾ ಅಶ್ಲೀಲ ಫೋಟೋ ಹರಿದಾಡುತ್ತಿದ್ದರೆ "ಟೇಕ್ ಇಟ್ ಡೌನ್" ಅನ್ನುವ ಸೇವೆ ಇದೆ. ಫೋಟೋವನ್ನ ಯಾರಿಗೂ ಕಳಿಸಬೇಕಾಗಿಲ್ಲ. ಅದರ ಗುರುತಿನ ಸಂಖ್ಯೆ ಮಾತ್ರ ಹೋಗುತ್ತೆ, ಅದನ್ನ ಹಿಡಿದು ಕಂಪನಿಗಳು ಹುಡುಕಿ ತೆಗೆಯುತ್ತವೆ. ದೂರು ಕೊಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಸಿಟ್ಟಿನಲ್ಲಿ ಎಲ್ಲಾ ಡಿಲೀಟ್ ಮಾಡಬೇಡಿ.

ಮಿಲ್ಲಿನಲ್ಲಿ ದುಡಿದ ಅಜ್ಜ

ನನ್ನ ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ. ನಾನು ಕಾಟನ್ ಮಿಲ್ಲಿನಲ್ಲಿ ದುಡಿದವನು. ಸೈರನ್ ಆದರೆ ಊರಿಗೇ ಗೊತ್ತಾಗುತ್ತಿತ್ತು, ಈಗ ಶಿಫ್ಟು ಬಿಟ್ಟಿತು ಅಂತ. ಸಂಜೆ ಶಿಫ್ಟು ಬಿಟ್ಟರೆ ಒಂದು ಪೊಟ್ಟಣ ಮಂಡಕ್ಕಿ, ಎರಡು ಮೆಣಸಿನಕಾಯಿ ತಗೊಂಡು ಕಟ್ಟೆ ಮೇಲೆ ಕೂತರೆ ಎಂಟು ಗಂಟೆವರೆಗೆ ಮಾತು. ಹುಡುಗರು ಗರಡಿಮನೆಗೆ ಹೋಗುತ್ತಿದ್ದರು. ಮೈತುಂಬಾ ಮಣ್ಣು ಮಾಡಿಕೊಂಡು ಬಂದು, ಉಂಡು, ಬಿದ್ದುಕೊಂಡರೆ ಬೆಳಗ್ಗೆಯೇ ಎಚ್ಚರ.

ಈಗ ನಮ್ಮ ಬೀದಿಯಲ್ಲಿ ಮಕ್ಕಳು ಆಡೋಕೆ ಇದ್ದ ಖಾಲಿ ಸೈಟಿನಲ್ಲೆಲ್ಲಾ ಮನೆ ಎದ್ದಿವೆ. ರಸ್ತೆಯಲ್ಲಿ ಆಡಿದರೆ ಕಾರಿಗೆ ಬಾಲ್ ತಾಗುತ್ತೆ ಅಂತ ಬೈತಾರೆ. ಶಾಲೆಯ ಮೈದಾನಕ್ಕೆ ನಾಲ್ಕೂವರೆಗೆ ಬೀಗ. ಆ ಹುಡುಗ ಎಲ್ಲಿಗೆ ಹೋಗಬೇಕು ಹೇಳಿ? ಫೋನ್ ಬಂದ್ ಮಾಡ್ತೀರಿ ಸರಿ, ಮೈದಾನದ ಬೀಗ ಯಾರು ತೆಗೀತೀರಿ?

ಇನ್ನೊಂದು. ನನ್ನ ಮಗ ಊಟಕ್ಕೆ ಕೂತಾಗ ಎಡಗೈಯಲ್ಲಿ ಫೋನ್ ಹಿಡಿದಿರುತ್ತಾನೆ. ಮೊಮ್ಮಗ ಅದನ್ನೇ ನೋಡುತ್ತಾನೆ. ಈ ಮಾತು ಟೈಪ್ ಮಾಡೋಕೆ ಮೊಮ್ಮಗನಿಗೆ ಸಂತೋಷ ಆಗುತ್ತಿದೆ.

ಪಿಬಿ ರೋಡ್ ಮೊಬೈಲ್ ಅಂಗಡಿ

ಅಜ್ಜಾರೆ, ಸರಿಯಾಗಿ ಹೇಳಿದಿರಿ.

ಆಸ್ಟ್ರೇಲಿಯಾದಲ್ಲಿ ಮೊದಲ ತಿಂಗಳಲ್ಲೇ ಕಂಪನಿಗಳು 47 ಲಕ್ಷ ಖಾತೆ ತೆಗೆದಿವೆ ಅಂತ ಅಲ್ಲಿನ ಸರ್ಕಾರ ಹೇಳಿದೆ. ಅಂದರೆ ಕಂಪನಿಗಳಿಗೆ ಮನಸ್ಸಿದ್ದರೆ ಯಾರು ಮಗು ಅಂತ ಹುಡುಕೋಕೆ ಆಗುತ್ತೆ ಅಂತಾಯಿತು. ದಂಡದ ಭಯ ಬಂದಮೇಲೆ ಹುಡುಕಿದರು. ಮೊದಲು ಯಾಕೆ ಹುಡುಕಲಿಲ್ಲ ಅನ್ನೋದೇ ನನ್ನ ಸಿಟ್ಟು.

ಸೆಕೆಂಡ್ ಪಿಯು, ವಿದ್ಯಾನಗರ

ಇನ್‌ಸ್ಟಾದಲ್ಲಿ ಟೀನ್ ಅಕೌಂಟ್ ಅಂತ ಬಂದಿದೆ, ನಮ್ಮ ದೇಶಕ್ಕೆ 2025ರಲ್ಲಿ ಬಂತು. ತಾನಾಗಿಯೇ ಪ್ರೈವೇಟ್ ಇರುತ್ತೆ. ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ ನೋಟಿಫಿಕೇಶನ್ ಬರಲ್ಲ. ಗೊತ್ತಿಲ್ಲದವರು ಮೆಸೇಜ್ ಮಾಡೋಕಾಗಲ್ಲ. ಆದರೆ ಅದು ನಿಜವಾದ ವಯಸ್ಸು ಹಾಕಿದವರಿಗೆ ಮಾತ್ರ. ನನ್ನ ಕ್ಲಾಸಿನಲ್ಲಿ ಹೆಚ್ಚಿನವರು ಹಿಂದೆಯೇ ಸುಳ್ಳು ವಯಸ್ಸು ಹಾಕಿದ್ದಾರೆ, ನಾನೂ ಹಾಕಿದ್ದೆ. ಈ ಚರ್ಚೆ ಓದಿದ ಮೇಲೆ ನಿನ್ನೆ ಸರಿ ಮಾಡಿದೆ.

ಹರಿಹರದ ಹೈಸ್ಕೂಲ್ ಮೇಷ್ಟ್ರು

ಶಾಭಾಷ್ ತಂಗಿ.

ನಾನೂ ಒಂದು ವಿಷಯ ಒಪ್ಪಿಕೊಳ್ಳಬೇಕು. 2020ರಲ್ಲಿ ಶಾಲೆ ಮುಚ್ಚಿದಾಗ ವಾಟ್ಸಾಪ್‌ನಲ್ಲಿ ಹೋಂವರ್ಕ್ ಕೊಡೋಕೆ ಶುರು ಮಾಡಿದೆವು. ಆಗ ಬೇರೆ ದಾರಿ ಇರಲಿಲ್ಲ. ಶಾಲೆ ತೆರೆದ ಮೇಲೂ ಅದನ್ನ ನಿಲ್ಲಿಸಲಿಲ್ಲ, ನಮಗೆ ಅನುಕೂಲ ಆಗಿತ್ತು. ಫೋನ್ ಬೇಡ ಅಂತ ಬೆಳಗ್ಗೆ ಪ್ರಾರ್ಥನೆಯಲ್ಲಿ ಹೇಳಿ, ಸಂಜೆ ಫೋನಲ್ಲೇ ಹೋಂವರ್ಕ್ ಕಳಿಸುತ್ತಿದ್ದೇವೆ. ಸೋಮವಾರ ಹೆಡ್‌ಮಾಸ್ಟರ್ ಹತ್ತಿರ ಮಾತಾಡಿದೆ. ನನ್ನ ವಿಷಯಕ್ಕಂತೂ ಇನ್ನು ಬೋರ್ಡಿನ ಮೇಲೆ ಬರೆಯುತ್ತೇನೆ, ಡೈರಿಯಲ್ಲಿ ಬರೆದುಕೊಳ್ಳಲಿ. ಇನ್ನಿಬ್ಬರು ಮೇಷ್ಟ್ರು ಒಪ್ಪಿದ್ದಾರೆ. ಗಣಿತದವರು ಇನ್ನೂ ಒಪ್ಪಿಲ್ಲ.

ಜಗಳೂರು ಕಡೆಯ ರೈತ

ನಮ್ಮ ಪಂಚಾಯ್ತಿ ಲೈಬ್ರರಿಗೆ ಈಗ ಅರಿವು ಕೇಂದ್ರ ಅಂತ ಹೆಸರು. ಮಗನನ್ನ ಕರೆದುಕೊಂಡು ಹೋಗಿ ಹೆಸರು ಬರೆಸಿ ಬಂದೆ. ಅಲ್ಲಿ ಚೆಸ್, ಕೇರಂ ಇದೆ. ದಿನಾ ಹೋಗುತ್ತಾನೆ ಅಂತ ಹೇಳಲ್ಲ. ವಾರದಲ್ಲಿ ಮೂರು ದಿನ ಹೋಗಿದ್ದಾನೆ.

ಕೆಟಿಜೆ ನಗರದ ಟೈಲರ್ ಅಕ್ಕ

ತಡ ಆಯ್ತು, ಮದುವೆ ಬಟ್ಟೆ ಕೆಲಸ ಜಾಸ್ತಿ ಇತ್ತು. ಆ ತಂಗಿ ಕೇಳಿದ್ದಕ್ಕೆ ಉತ್ತರ ಕೊಡಬೇಕು.

ಭಾನುವಾರ ಮಗಳನ್ನ ಪಕ್ಕದಲ್ಲಿ ಕೂರಿಸಿಕೊಂಡು ಬೈಯದೆ ಕೇಳಿದೆ. ದೂರು ಕೊಡುವಾಗ ತೆಗೆದಿದ್ದ ಸ್ಕ್ರೀನ್‌ಶಾಟ್ ಇಬ್ಬರೂ ಸೇರಿ ನೋಡಿದೆವು. ದೊಡ್ಡದು ಮಾಡಿ ನೋಡಿದೆ. ಫೋಟೋದ ಎಡಗಡೆ ಮೂಲೆಯಲ್ಲಿ ಸೆರಗಿನ ನೆರಿಗೆ ಹಿಡಿದ ಒಂದು ಹೆಬ್ಬೆರಳು ಕಾಣುತ್ತೆ. ಸೂಜಿ ಚುಚ್ಚಿ ಕಪ್ಪಾದ ಉಗುರು. ನನ್ನದು. ಹೋದ ವರ್ಷ ಸ್ಕೂಲ್ ಡೇ ದಿನ ಅವಳಿಗೆ ನಾನು ಹೊಲಿದ ಜಾಕೆಟ್ ಚೆನ್ನಾಗಿ ಬಂದಿತ್ತು. ಗಿರಾಕಿಗಳು ನೋಡಲಿ ಅಂತ ಫೇಸ್‌ಬುಕ್‌ನಲ್ಲಿ ಎಲ್ಲರಿಗೂ ಕಾಣೋ ಹಾಗೆ ನಾನೇ ಹಾಕಿದ್ದೆ. ಅಲ್ಲಿಂದ ಎತ್ತಿಕೊಂಡು, ಫೋಟೋದಲ್ಲಿ ನನ್ನ ಕೈ ಇದ್ದ ಕಡೆ ಕತ್ತರಿಸಿ ಬಳಸಿದ್ದಾರೆ. ಮಗಳು ಒಂದೂ ಫೋಟೋ ಹಾಕಿರಲಿಲ್ಲ. ಅವಳಿಗೆ ಇದು ಮೊದಲ ದಿನವೇ ಗೊತ್ತಿತ್ತು. "ಹೇಳಿದರೆ ನಿನಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ ಅಮ್ಮ" ಅಂದಳು. ಅದಕ್ಕೆ ಹೊಟ್ಟೆನೋವು ಅಂದಿದ್ದು. ನಾನು ಏನೂ ಮಾತಾಡೋಕಾಗಲಿಲ್ಲ, ಅವಳ ತಲೆ ಸವರುತ್ತಾ ಕೂತೆ.

16ರವರೆಗೆ ಬಂದ್ ಮಾಡಿ ಅಂತ ನಾನೇ ಶುರು ಮಾಡಿದ ಚರ್ಚೆ ಇದು. ಈಗಲೂ ಕಂಪನಿಗಳಿಗೆ ದಂಡ ಹಾಕುವ ಕಾನೂನು ಬೇಕು ಅಂತಲೇ ಹೇಳುತ್ತೇನೆ. ಅಂಗಡಿ ಅಣ್ಣ ಹೇಳಿದ ಹಾಗೆ ಭಯ ಇದ್ದರೆ ಹುಡುಕುತ್ತಾರೆ. ಮುಗಿಯದ ಹಾಗೆ ವಿಡಿಯೋ ತೋರಿಸುವುದನ್ನು ಮಕ್ಕಳಿಗೆ ಮೊದಲು ನಿಲ್ಲಿಸಲಿ. ಆದರೆ ನನ್ನ ಮಗಳಿಗೆ ಆಗಿದ್ದನ್ನ ಆ ಕಾನೂನು ತಡೆಯುತ್ತಿರಲಿಲ್ಲ. ಖಾತೆ ನನ್ನದು, ನನಗೆ 39.

ಈಗ ರಾತ್ರಿ ಒಂಬತ್ತೂವರೆಗೆ ಮೂರೂ ಫೋನ್ ಅಡುಗೆಮನೆಯ ಡಬ್ಬಿ ಸಾಲಿನ ಮೇಲೆ ಹೋಗುತ್ತವೆ. ನಮ್ಮ ಯಜಮಾನರದೂ ಸೇರಿ. ಮೊದಲ ಎರಡು ದಿನ ಅವರೇ ಜಾಸ್ತಿ ಚಡಪಡಿಸಿದರು. ಫೇಸ್‌ಬುಕ್‌ನಲ್ಲಿದ್ದ ಮಗಳ ಫೋಟೋ ಎಲ್ಲಾ ತೆಗೆದೆ, ಹನ್ನೊಂದಿದ್ದವು. ನಿನ್ನೆ ಒಂದು ಹೊಸ ಜಾಕೆಟ್ ಹೊಲಿದು ಮುಗಿಸಿದೆ, ಹಸಿರು ರೇಷ್ಮೆ, ಬೆನ್ನಿಗೆ ದಾರ ಕಟ್ಟುವಂಥದ್ದು. ಫೋಟೋ ಹಾಕಿದ್ದೇನೆ, ಹ್ಯಾಂಗರ್‌ಗೆ ನೇತುಹಾಕಿ. ತೆಗೆದುಕೊಟ್ಟಿದ್ದು ಮಗಳು.